ಗೇಟಿನ ತನಕ ನಗರಸಭೆಯದು

ಸಭೆಯ ಅಧ್ಯಕ್ಷತೆ ವಹಿಸಿರುವ ಹಿರಿಯರೇ, ನಮ್ಮ ವಾರ್ಡಿನ ನಗರಸಭಾ ಸದಸ್ಯರೇ, ಮೂರ್ತಪ್ಪ ಬಡಾವಣೆ ನಿವಾಸಿಗಳ ಸಂಘದ ಕಾರ್ಯದರ್ಶಿ ಯೋಗರಾಜ್ ಅವರೇ, ಪ್ರಾರ್ಥನೆ ಹಾಡಿದ ಮಕ್ಕಳೇ, ಹಿಂದಿನ ಪೆಂಡಾಲಿನಿಂದ ಸಾರಿನ ಒಗ್ಗರಣೆ ವಾಸನೆ ಬರುತ್ತಿದ್ದರೂ ಎದ್ದು ಹೋಗದೆ ಕುಳಿತಿರುವ ಸಭಿಕರೇ, ನಿಮಗೆಲ್ಲ ಈ ವಿಶಾಲಮ್ಮನ ವಂದನೆಗಳು.

ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಾನು ಶಿವಮೊಗ್ಗದ ಅಂಚೆ ಕಚೇರಿಗಳಲ್ಲಿ ಕೌಂಟರಿನ ಹಿಂದೆ ಕುಳಿತವಳು. ಎದುರಿಗೆ ಇಷ್ಟು ಜನ ಕಂಡರೆ ನನ್ನ ಬಾಯಿಗೆ ಬರುವ ಮಾತು ಒಂದೇ: ಸಾಲಾಗಿ ನಿಲ್ಲಿ. ಇವತ್ತು ಅದನ್ನು ಹೇಳುವುದಿಲ್ಲ. ಭಾಷಣ ಬರೆದುಕೊಂಡು ಬಂದಿದ್ದೆ, ಕನ್ನಡಕ ವಿನೋಬನಗರದ ಮನೆಯಲ್ಲೇ ಉಳಿಯಿತು. ಆದ್ದರಿಂದ ನೆನಪಿದ್ದಷ್ಟು ಹೇಳುತ್ತೇನೆ. ಹೆಚ್ಚಾದರೆ ಯೋಗರಾಜ್ ಚೀಟಿ ಕೊಡಲಿ.

ಸ್ವಾಗತ ಭಾಷಣದಲ್ಲಿ ಅವರು ನನ್ನನ್ನು ಮಹಾದಾನಿ ಎಂದು ಕರೆದರು. ಶಾಲು ಹೊದಿಸಿದರು, ಹಾರ ಹಾಕಿದರು. ಸಂತೋಷ. ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಮೇಜಿನ ಮೇಲೆ ಇನ್ನೊಂದು ಶಾಲು ಕವರಿನಲ್ಲೇ ಇದೆ, ನನ್ನ ಪಕ್ಕದ ಕುರ್ಚಿಯೂ ಖಾಲಿ ಇದೆ. ಅದು ನನ್ನ ತಮ್ಮ ಪರಶುರಾಮನದು. ಬರುತ್ತಾನೆ. ಬಡಾವಣೆಯ ಕೊನೆಯ ಮನೆ ಅವನದು, ಈ ಸಮುದಾಯ ಭವನಕ್ಕೆ ಬರಲು ಸ್ಕೂಟರ್ ಕೂಡ ಬೇಕಾಗಿಲ್ಲ.

ಸಭಿಕರೇ, ಇವತ್ತು ನಾವು ಉದ್ಘಾಟಿಸಿದ್ದು ಏನು? ಡಾಂಬರು ರಸ್ತೆ. ಅದು ಮೊದಲು ಏನಾಗಿತ್ತು? ನಮ್ಮ ಅಪ್ಪ ಮೂರ್ತಪ್ಪನವರ ಕಬ್ಬಿನ ಗದ್ದೆ. ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆಗಳಿಗೆ ಕೆಲಸಕ್ಕೆ ಬಂದವರು ಸೈಟು ಕೇಳಿದಾಗ ಅಪ್ಪ ಆ ಗದ್ದೆಯನ್ನು ತುಂಡು ತುಂಡಾಗಿ ಕೊಟ್ಟರು. ನಕ್ಷೆ ಇರಲಿಲ್ಲ, ಅನುಮೋದನೆ ಇರಲಿಲ್ಲ. ಆ ಕಾಲದಲ್ಲಿ ಭದ್ರಾವತಿಯ ಅಂಚಿನಲ್ಲಿ ಬಹಳ ಜನ ಮಾಡಿದ್ದೇ ಹಾಗೆ. ಆದರೆ ರಸ್ತೆ ಬಿಡುವಾಗ ಅಪ್ಪ ಹಗ್ಗ ಹಿಡಿದು ಅಳೆದದ್ದು ನನಗೆ ನೆನಪಿದೆ. ಅಷ್ಟು ಅಗಲ ಯಾಕೆ, ಇನ್ನೊಂದು ಸಾಲು ಸೈಟು ಮಾಡಬಹುದಲ್ಲ ಎಂದು ಪಕ್ಕದ ಗದ್ದೆಯವರು ನಕ್ಕರು. ಅಪ್ಪ ಹಗ್ಗ ಎಳೆದುಕೊಂಡೇ ಹೇಳಿದರು: "ಕಬ್ಬಿನ ಗಾಡಿ ಎದುರುಬದುರು ಬಂದ್ರೆ ಯಾವ ಎತ್ತೂ ಹಿಂದಕ್ಕೆ ಹೆಜ್ಜೆ ಇಡ್ಬಾರ್ದು."

ಈಗ ಕಬ್ಬಿನ ಗಾಡಿ ಇಲ್ಲ. ಶಾಲೆ ಬಸ್ಸು, ಗ್ಯಾಸ್ ಲಾರಿ, ಆಂಬುಲೆನ್ಸ್ ಇವೆ. ಅಕ್ಕಪಕ್ಕದ ಬಡಾವಣೆಗಳಲ್ಲಿ ಆಂಬುಲೆನ್ಸ್ ಮೂಲೆಯಲ್ಲೇ ನಿಲ್ಲುತ್ತದೆ, ನಮ್ಮಲ್ಲಿ ಮನೆ ಬಾಗಿಲಿಗೆ ಬರುತ್ತದೆ. ಸ್ಲೇಟು ಹಿಡಿಯದ ಮನುಷ್ಯನ ಹಗ್ಗದ ಅಳತೆ ಇದು. ನಾನು ಹೆಮ್ಮೆಪಡಬಾರದೇ?

ಆದರೆ ಆ ಕಾಲದಲ್ಲಿ ಯಾರಿಗೂ ಹೊಳೆಯದ ಒಂದು ವಿಷಯವಿತ್ತು. ಅಪ್ಪ ಸೈಟುಗಳನ್ನು ಮಾರಿದರು, ಸೈಟುಗಳು ನಿಮ್ಮವಾದವು. ರಸ್ತೆಯನ್ನು ಯಾರಿಗೂ ಮಾರಲಿಲ್ಲ, ನಗರಸಭೆಗೂ ಬರೆದುಕೊಡಲಿಲ್ಲ. ನೀವು ನಡೆದಿರಿ, ಮೆರವಣಿಗೆ ಮಾಡಿದಿರಿ, ರಂಗೋಲಿ ಹಾಕಿದಿರಿ. ಪಹಣಿಯಲ್ಲಿ ಮಾತ್ರ ಅದು ಮೂರ್ತಪ್ಪನವರ ಕೃಷಿ ಜಮೀನಾಗಿಯೇ ಉಳಿಯಿತು. ಅವರು 2001ರಲ್ಲಿ ತೀರಿಕೊಂಡರು. ಕೆಲವು ವರ್ಷಗಳ ನಂತರ ನಮ್ಮ ಅವ್ವ ದ್ಯಾಮಮ್ಮ ಹೋದರು. ಉಳಿದವರು ನಾನು ಮತ್ತು ತಮ್ಮ. ಮನೆಯನ್ನು ಅಪ್ಪ ಬದುಕಿದ್ದಾಗಲೇ ಅವನ ಹೆಸರಿಗೆ ಬರೆದಿದ್ದರು. ಅದರ ಮಾತನ್ನು ನಾನು ಯಾವತ್ತೂ ಎತ್ತಿಲ್ಲ, ಇವತ್ತೂ ಎತ್ತುವುದಿಲ್ಲ.

ಈಗ ಸ್ವಲ್ಪ ಕಾನೂನು. ಹೆದರಬೇಡಿ, ಪಾಯಸ ಆರುವ ಮೊದಲು ಮುಗಿಸುತ್ತೇನೆ.

ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಪಾಲು ಮಗಳಿಗೂ ಇದೆ ಎಂದು ನಮ್ಮ ಕರ್ನಾಟಕ ಕೇಂದ್ರಕ್ಕಿಂತ ಮೊದಲೇ, 1994ರಲ್ಲಿ ಕಾನೂನು ಮಾಡಿತು. ಆದರೆ ಅದಕ್ಕೆ ಮೊದಲು ಮದುವೆಯಾದವರಿಗೆ ಅದು ಅನ್ವಯವಾಗುತ್ತಿರಲಿಲ್ಲ. ನನ್ನ ಮದುವೆ 1991ರಲ್ಲಿ. 2005ರಲ್ಲಿ ಕೇಂದ್ರದ ತಿದ್ದುಪಡಿ ಬಂತು, ಮದುವೆಯಾದ ಮಗಳಿಗೂ ಸಮಪಾಲು ಎಂದಿತು. ಆಮೇಲೆ 2015ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪು, ಆ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕು ಎಂದಿತು. ನಮ್ಮ ತಂದೆ ಅಷ್ಟರಲ್ಲಿ ಹೋಗಿದ್ದರು. ಕಡೆಗೆ 2020ರ ಆಗಸ್ಟಿನಲ್ಲಿ ಅದೇ ಕೋರ್ಟು ಹೇಳಿತು: ಮಗಳ ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಅಂದು ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ. ಮೊದಲೇ ನೋಂದಣಿಯಾಗಿ ಪಾಲಾಗಿಹೋದ ಆಸ್ತಿಗಳ ಮಾತು ಬೇರೆ.

ಕೊರೊನಾ ಕಾಲ ಅದು. ಪತ್ರಿಕೆ ಮುಟ್ಟಿದರೆ ಸೋಂಕು ಬರುತ್ತದೆ ಎಂದು ಬೀದಿಯವರೆಲ್ಲ ನಿಲ್ಲಿಸಿದ್ದರು, ನಾನು ನಿಲ್ಲಿಸಿರಲಿಲ್ಲ. ಆ ಸುದ್ದಿಯನ್ನು ಓದಿ ನಮ್ಮ ಮನೆಯವರಿಗೆ ಗಟ್ಟಿಯಾಗಿ ಇನ್ನೊಮ್ಮೆ ಓದಿ ಹೇಳಿದೆ. "ಸಂತೋಷ, ಆದ್ರೆ ನಿಂಗೆ ಈಗ ಉಳ್ದಿರೋದು ರಸ್ತೆ ಮಾತ್ರ ಕಣೇ" ಎಂದರು. ಇಬ್ಬರೂ ನಕ್ಕೆವು. ರಸ್ತೆಯಲ್ಲಿ ಪಾಲು ಎಂದರೆ ಏನು, ನಡುವೆ ಗೆರೆ ಎಳೆದುಕೊಳ್ಳುವುದೇ?

ಆ ನಗು ಎರಡು ವರ್ಷದ ಹಿಂದಿನ ಗೌರಿ ಹಬ್ಬದ ತನಕ ಇತ್ತು.

ಪ್ರತಿ ಗೌರಿ ಹಬ್ಬಕ್ಕೂ ಪರಶುರಾಮ ನನಗೆ ಬಾಗಿನ ತರುತ್ತಿದ್ದ. ಒಂದು ವರ್ಷವೂ ತಪ್ಪಿಸಿದವನಲ್ಲ. ಕಾರ್ಖಾನೆಯ ಕೆಲಸ ಕಳೆದುಕೊಂಡ ವರ್ಷವೂ ಬಳೆ, ಕುಪ್ಪಸದ ಬಟ್ಟೆ ಹಿಡಿದು ಬಸ್ಸಿನಲ್ಲಿ ಬಂದಿದ್ದ. ಇದನ್ನು ನೀವು ನೆನಪಿಡಬೇಕು, ಅವನು ಕೆಟ್ಟವನಲ್ಲ. ಎರಡು ವರ್ಷದ ಹಿಂದಿನ ಆ ಹಬ್ಬಕ್ಕೆ ಒಳ್ಳೆಯ ಸೀರೆ ತಂದಿದ್ದ. ಬಳೆ, ಅರಿಶಿನ ಕುಂಕುಮ, ಎಲೆ ಅಡಿಕೆ, ತೆಂಗಿನಕಾಯಿ. ಅದೇ ಚೀಲದ ತಳದಲ್ಲಿ, ಪ್ಲಾಸ್ಟಿಕ್ ಕವರಿನಲ್ಲಿ, ಹಕ್ಕು ಬಿಡುಗಡೆ ಪತ್ರ.

ಬಡಾವಣೆಯ ಹಿಂದಿನ ಗದ್ದೆ ಕೊಂಡಿದ್ದ ಒಬ್ಬರಿಗೆ ಅಲ್ಲಿನ ಹೊಸ ಲೇಔಟಿಗೆ ದಾರಿ ಬೇಕಿತ್ತು. ನಮ್ಮ ರಸ್ತೆಯನ್ನೇ ಕೊಳ್ಳುತ್ತೇನೆ ಎಂದಿದ್ದರು. ಹಿಂದಿನ ಕಾಲವಾಗಿದ್ದರೆ ಹೇಗೋ ಬರೆದು ಮುಗಿಸುತ್ತಿದ್ದರು. ಈಗ ದಾಖಲೆ ಸತ್ತವರ ಹೆಸರಿನಲ್ಲಿದ್ದರೆ ನೋಂದಣಿ ಇಲ್ಲ. ವಾರಸುದಾರರೆಲ್ಲರ ಹೆಸರು ಬರಬೇಕು, ಇಲ್ಲವೇ ಅವರು ಬಿಟ್ಟುಕೊಡಬೇಕು. ಅದಕ್ಕೇ ನನ್ನ ಸಹಿ ಬೇಕಾಗಿತ್ತು.

ರಸ್ತೆ ಹೇಗೆ ಮಾರ್ತೀಯೋ, ಜನ ಓಡಾಡ್ತಿದ್ದಾರಲ್ಲ ಎಂದೆ. ಅವನ ಉತ್ತರಕ್ಕೆ ವಕೀಲರೂ ತಲೆದೂಗಬೇಕು.

"ಅಪ್ಪ ಸೈಟ್ ಮಾರಿದ್ರು, ರಸ್ತೆ ಮಾರ್ಲಿಲ್ಲ. ಮಾರ್ಲಿಲ್ಲ ಅಂದ್ಮೇಲೆ ನಮ್ದೇ ಅಲ್ವೇನಕ್ಕ?"

ನಾನು ಬಾಗಿನ ತೆಗೆದು ದೇವರ ಮುಂದೆ ಇಟ್ಟೆ. ಪತ್ರವನ್ನು ಚೀಲಕ್ಕೆ ಹಾಕಿ ವಾಪಸ್ ಕೊಟ್ಟೆ.

"ಬಾಗಿನ ಇಟ್ಕೊಂಡು ಪತ್ರ ವಾಪಸ್ ಕೊಡ್ತೀಯಲ್ಲ ಮಾರಾಯ್ತಿ" ಎಂದ.

"ಬಾಗಿನಕ್ಕೆ ಯಾರೂ ಸೈನ್ ಹಾಕಿಸ್ಕೊಳಲ್ಲ ಪರಶು. ಊಟ ಮಾಡು ಬಾ."

ಊಟ ಮಾಡಲಿಲ್ಲ.

ಈಗ ಭವನದ ಬಾಗಿಲ ಹತ್ತಿರ ಯಾರೋ ಬಂದ ಹಾಗಾಯಿತು. ಅಡುಗೆಯವರೇ? ಸರಿ, ಇನ್ನು ಸ್ವಲ್ಪ ಹೊತ್ತು ತಡೆಯಿರಿ.

ಮಾರನೆಯ ದಿನ ನಾನು ಯೋಗರಾಜ್ ಅವರಿಗೆ ಫೋನ್ ಮಾಡಿದೆ. ಮುಂದಿನದು ನಿಮಗೆ ಗೊತ್ತು. ಸಂಜೆಯೊಳಗೆ ನೀವೆಲ್ಲ ತಮ್ಮನ ಮನೆ ಮುಂದೆ ಇದ್ದಿರಿ. ಮೊದಲ ಸಾಲಿನಲ್ಲಿ ಕುಳಿತಿರುವ ದುರ್ಗಮ್ಮ ಕಾರ್ಖಾನೆಗೆ ಬಂದ ತಮಿಳು ಕುಟುಂಬದ ಹಿರಿಯರು, ಅಪ್ಪನಿಂದ ಮೊದಲ ಸೈಟು ತೆಗೆದುಕೊಂಡವರು. ಅವರು ಅವತ್ತು ಗೇಟು ಹಿಡಿದು ಕೇಳಿದರಂತೆ: "ಏನ್ ಕಣ್ಣು ಪರಶುರಾಮ, ನಾಳೆಯಿಂದ ನಾವು ಮನೇಗೆ ಹೆಲಿಕಾಪ್ಟರಲ್ಲಿ ಬರ್ಬೇಕಾ? ನಂಗೆ ಮೊಣಕಾಲ್ ನೋವು, ಹತ್ತೋಕಾಗಲ್ಲಪ್ಪ." ನಗಬೇಡಿ ದುರ್ಗಮ್ಮ, ನೀವೇ ಹೇಳಿದ್ದು. ಕೊಳ್ಳುವವರು ಹಿಂದೆ ಸರಿದರು. ನಾನು ಸಹಿ ಹಾಕದೆ ಅವರಿಗೂ ಅದು ಆಗುತ್ತಿರಲಿಲ್ಲ.

ಆಮೇಲೆ ಬಿ-ಖಾತೆ ಬಂತು. ಅನುಮೋದನೆ ಇಲ್ಲದ ಬಡಾವಣೆಗಳ ಮನೆಗಳಿಗೂ ದಾಖಲೆ ಕೊಡುತ್ತೇವೆ ಎಂದು ಸರ್ಕಾರ ಹೇಳಿತು, ನೀವು ತೆರಿಗೆ ರಸೀದಿ ಹಿಡಿದು ನಿಂತಿರಿ. ಮನೆಗಳಿಗೆ ಖಾತೆಯಾಯಿತು. ಡಾಂಬರು, ಚರಂಡಿ ಕೇಳಿದಾಗ ಮಾತ್ರ, ರಸ್ತೆ ನಮ್ಮ ಹೆಸರಿನಲ್ಲಿಲ್ಲ, ಖಾಸಗಿ ಜಮೀನಿಗೆ ಸರ್ಕಾರದ ಹಣ ಹಾಕುವುದು ಹೇಗೆ ಎಂದರು. ನ್ಯಾಯವಾದ ಮಾತೇ. ಹಾಗಾಗಿ ರಸ್ತೆಯನ್ನು ನಗರಸಭೆಗೆ ದಾನಪತ್ರ ಮಾಡಿಕೊಡಿ ಎಂದು ಸಂಘದವರು ನಮ್ಮಿಬ್ಬರನ್ನೂ ಕೇಳಿದಿರಿ. ತಿಂಗಳುಗಟ್ಟಲೆ ಆಗಲಿಲ್ಲ. ಒಂದು ಮಳೆಗಾಲ ಪೂರ್ತಿ ಕೆಸರು ತುಳಿದಿರಿ. ಕಚೇರಿಯವರನ್ನು ಬೈದಿರಿ, ಪರಶುರಾಮನನ್ನು ಬೈದಿರಿ.

ಇದನ್ನು ಹೇಳಬೇಕೆಂದು ಬರೆದುಕೊಂಡಿರಲಿಲ್ಲ. ಆದರೂ ಹೇಳುತ್ತೇನೆ. ಆ ಮಳೆಗಾಲ ತಡ ಮಾಡಿದ್ದು ಕಚೇರಿಯಲ್ಲ, ತಮ್ಮನೂ ಅಲ್ಲ. ನಾನು.

ಅವನು ಆಗಲೇ ಒಪ್ಪಿದ್ದ. ಒಂದು ಷರತ್ತಿತ್ತು, ಅಷ್ಟೆ. ಅಕ್ಕ ಮೊದಲು ನನಗೆ ಹಕ್ಕು ಬಿಟ್ಟುಕೊಡಲಿ, ಆಮೇಲೆ ಪೂರ್ತಿ ರಸ್ತೆಯನ್ನು ನಾನೊಬ್ಬನೇ ದಾನ ಮಾಡುತ್ತೇನೆ ಎಂದಿದ್ದ. ಜನ ಗೇಟು ಹಿಡಿದು ಬೈದ ಮೇಲೆ ಅವನಿಗೂ ಊರಲ್ಲಿ ತಲೆ ಎತ್ತಬೇಕಿತ್ತು. ಯೋಗರಾಜ್ ನನ್ನ ಮನೆಗೆ ಬಂದು ಕೇಳಿದರು: "ಹೇಗೂ ಕೊಡೋದೇ ಅಲ್ವಾ ಅಕ್ಕ? ಮಧ್ಯದಲ್ಲಿ ನಿಮ್ಮ ಹೆಸರು ಬಂದ್ರೆಷ್ಟು, ಬಿಟ್ರೆಷ್ಟು?"

"ಕೊಡೋಕೆ ಮೊದ್ಲು ನಂದಾಗ್ಬೇಕಲ್ಲ ಯೋಗರಾಜ್" ಎಂದೆ.

ಅವರು ಟೀ ಕುಡಿದು ಹೋದರು. ನಿಮಗೆ ಯಾರಿಗೂ ಹೇಳಲಿಲ್ಲ, ನನ್ನ ಮರ್ಯಾದೆ ಉಳಿಸಿದರು. ಇವತ್ತು ನಾನೇ ಕಳೆಯುತ್ತಿದ್ದೇನೆ.

ಹಟ ಎನ್ನುತ್ತೀರಾ? ಎನ್ನಿ. ಆ ಗದ್ದೆಯಲ್ಲಿ ನಾನೂ ಕಳೆ ಕಿತ್ತಿದ್ದೇನೆ. ಅಪ್ಪ ರಸ್ತೆ ಅಳೆದಾಗ ಹಗ್ಗದ ಇನ್ನೊಂದು ತುದಿ ಹಿಡಿದಿದ್ದವಳು ನಾನೇ. ತಮ್ಮ ಆಗ ಅವ್ವನ ಸೊಂಟದ ಮೇಲಿದ್ದ. ಲಗ್ನಪತ್ರಿಕೆಯಲ್ಲಿ ಮೂರ್ತಪ್ಪನವರ ಮಗಳು ಎಂದು ಬರೆದರು, ಆಮೇಲೆ ಎಲ್ಲಿಯೂ ಬರೆಯಲಿಲ್ಲ. ಸಾವಿರಾರು ಜನರ ಹೆಸರು ವಿಳಾಸ ಓದಿ ಸರಿಯಾದ ಮನೆಗೆ ಕಳಿಸಿದವಳಿಗೆ, ತನ್ನ ಹೆಸರು ತನ್ನ ಅಪ್ಪನ ಹೆಸರಿನ ಕೆಳಗೆ ಒಂದು ಸಲ ಇರಲಿ ಎಂದು ಆಸೆಯಾದರೆ ತಪ್ಪೇ? ಎಲ್ಲ ಹೆಣ್ಣುಮಕ್ಕಳೂ ಹೀಗೇ ಮಾಡಬೇಕೆಂದು ನಾನು ಹೇಳುವುದಿಲ್ಲ. ಸಂತೋಷದಿಂದ ಬಿಟ್ಟುಕೊಡುವವರಿದ್ದಾರೆ, ಅದು ಅವರ ದೊಡ್ಡತನ. ಆದರೆ ಬಾಗಿನದ ಚೀಲದ ತಳದಲ್ಲಿಟ್ಟು ಕೇಳಬಾರದು.

ಹೋದ ವರ್ಷದ ಗೌರಿ ಹಬ್ಬಕ್ಕೆ ಬಾಗಿನ ಬರಲಿಲ್ಲ. ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡಿದೆ. ಅದಿರಲಿ.

ಅಷ್ಟರಲ್ಲಿ ಇ-ಪೌತಿ ಆಂದೋಲನ ಬಂತು. ತೀರಿಕೊಂಡವರ ಹೆಸರಿನ ಜಮೀನುಗಳನ್ನು ವಾರಸುದಾರರ ಹೆಸರಿಗೆ ಮಾಡಿಕೊಡಲು ಸರ್ಕಾರದವರೇ ಮನೆಬಾಗಿಲಿಗೆ ಬಂದರು. ತಮ್ಮನ ಮನೆಯಲ್ಲಿ ವಂಶವೃಕ್ಷ ಬರೆಯುವಾಗ ಅವನ ಮಗಳು ಇಂಪನಾ ಪಕ್ಕದಲ್ಲಿದ್ದಳಂತೆ. ಇದನ್ನು ತಮ್ಮನ ಹೆಂಡತಿ ಫೋನಿನಲ್ಲಿ ಹೇಳಿದ್ದು. ಅಕ್ಕ ಬಿಟ್ಟುಕೊಟ್ಟರೆ ಒಂದು ಹೆಸರು ಸಾಕು ಎಂದು ತಮ್ಮ ಹೇಳುತ್ತಿದ್ದಾಗ ಆ ಹುಡುಗಿ ಕೇಳಿದಳಂತೆ: "ನಂಗೂ ಮದ್ವೆ ಆದ್ಮೇಲೆ ಒಂದು ಸೀರೆ ಕೊಟ್ಟು ಸೈನ್ ತಗೋತೀರಾ ಅಪ್ಪ?" ಅವನು ಎದ್ದು ಹೋದನಂತೆ. ಸಂಜೆ ಬಂದವನು, ಎರಡೂ ಹೆಸರು ಬರೀರಿ ಎಂದನಂತೆ.

ಹಾಗೆ ಪಹಣಿಯಲ್ಲಿ ನಮ್ಮಿಬ್ಬರ ಹೆಸರು ಬಂತು. ದಾನಪತ್ರದ ದಿನ ಉಪನೋಂದಣಿ ಕಚೇರಿಯಲ್ಲಿ ಅವನು ಆ ಬೆಂಚು, ನಾನು ಈ ಬೆಂಚು. ಒಬ್ಬೊಬ್ಬರನ್ನೇ ಕೂರಿಸಿ ಫೋಟೊ ತೆಗೆದರು, ಹೆಬ್ಬೆಟ್ಟು ಒತ್ತಿಸಿಕೊಂಡರು. ಆದರೆ ಪತ್ರ ಕೈಗೆ ಬಂದಾಗ ನೋಡಿದರೆ ಇಬ್ಬರ ಫೋಟೊ ಅಕ್ಕಪಕ್ಕ. ನನ್ನ ಮದುವೆಯ ನಂತರ ನಾವಿಬ್ಬರೇ ಇರುವ ಫೋಟೊ ಅದೊಂದೇ. ಅಪ್ಪನ ಮೂಗು ಇಬ್ಬರಿಗೂ ಬಂದಿದೆ, ಅಲ್ಲಿ ಚೆನ್ನಾಗಿ ಕಾಣುತ್ತದೆ.

ಆದ್ದರಿಂದ, ಸಭಿಕರೇ, ನನ್ನನ್ನು ಮಹಾದಾನಿ ಎನ್ನಬೇಡಿ. ಇದ್ದದ್ದನ್ನು ಕೊಟ್ಟವಳು ಎನ್ನಿ, ಅಷ್ಟು ಸಾಕು. ಪರಶುರಾಮನನ್ನೂ ಹಾಗೇ ಎನ್ನಿ. ಅವನ ಪಾಲೂ ನನ್ನಷ್ಟೇ ಇತ್ತು, ಅವನಿಗೆ ಅದರ ಅಗತ್ಯ ನನಗಿಂತ ಹೆಚ್ಚಿತ್ತು. ಲೆಕ್ಕ ಹಾಕಿದರೆ ದೊಡ್ಡ ದಾನ ಅವನದು.

ಆಗಲಿಂದ ಈ ಸೀರೆ ಚೆನ್ನಾಗಿದೆ ಎಂದು ನಾಲ್ಕು ಜನ ಹೇಳಿದಿರಿ. ಎಲ್ಲಿ ತಗೊಂಡಿರಿ ಎಂದು ದುರ್ಗಮ್ಮ ಕೇಳಿದರು. ತಗೊಂಡಿಲ್ಲ. ಆ ಬಾಗಿನದ ಸೀರೆ ಇದು. ಇವತ್ತೇ ಮೊದಲು ಉಟ್ಟಿದ್ದು, ಅವನು ನೋಡಲಿ ಎಂದು.

ಕುರ್ಚಿ ಖಾಲಿಯೇ ಇದೆ. ಇರಲಿ. ಯೋಗರಾಜ್, ಆ ಇನ್ನೊಂದು ಶಾಲನ್ನು ಇಲ್ಲಿ ಕೊಡಿ. ಕವರು ಬಿಚ್ಚಬೇಡಿ.

ತವರಿಗೆ ಹೆಣ್ಣುಮಗಳು ಕರೆಯದೆ ಹೋಗಬಾರದು ಎಂದು ನಮ್ಮಲ್ಲಿ ಹೇಳುತ್ತಾರೆ. ಅದಕ್ಕೇ ಹೋದ ಗೌರಿಯಿಂದ ನಾನು ಆ ಮನೆ ಕಡೆ ಹೋಗಿಲ್ಲ. ಸಂಘದ ಸಭೆಗೆ ಬಂದರೂ ಈ ತುದಿಯಿಂದಲೇ ಶಿವಮೊಗ್ಗದ ಬಸ್ಸು ಹಿಡಿದಿದ್ದೇನೆ. ಆದರೆ ಈಗ ಕಾನೂನು ಬದಲಾಗಿದೆ. ಇದು ಸಾರ್ವಜನಿಕ ರಸ್ತೆ, ನಡೆಯಲು ಯಾರ ಕರೆಯೂ ಬೇಕಾಗಿಲ್ಲ. ನೀವು ಊಟಕ್ಕೆ ಏಳಿ. ನಾನು ಈ ಶಾಲು ತೆಗೆದುಕೊಂಡು ಕೊನೆಯ ಮನೆಯ ತನಕ ಹೋಗಿ ಬರುತ್ತೇನೆ. ಬಾಗಿಲು ತೆಗೆಯುವುದು ಬಿಡುವುದು ಅವನಿಗೆ ಬಿಟ್ಟದ್ದು. ಗೇಟಿನ ತನಕ ನಗರಸಭೆಯದು.

ಎರಡು ಎಲೆ ಹಾಕಿಡಿ. ತಡವಾದರೆ ಕಾಯಬೇಡಿ, ತಡವಾದರೆ ಒಳ್ಳೆಯದೇ ಆಗಿದೆ ಎಂದು ತಿಳಿಯಿರಿ.

ಇಷ್ಟು ಹೊತ್ತು ಕೇಳಿದ ನಿಮಗೂ, ಕರೆದು ಗೌರವಿಸಿದ ಸಂಘಕ್ಕೂ, ಹಗ್ಗ ಹಿಡಿದು ಅಳೆದ ಅಪ್ಪನಿಗೂ ನನ್ನ ಕೃತಜ್ಞತೆಗಳು. ನಮಸ್ಕಾರ.