ಸೆಂಡಿಯ ಜೊತೆ ಹೋದ ತೂಬಾ ಬೇರು

ಹೆಸರು: ಜಾಬು, ತಂದೆ ಉಗಾಪ್. ವಯಸ್ಸು: 58. ಕಸುಬು: ಕರಿಮೆಣಸಿನ ತೋಟ. ವಾಸ: ಗುಯಾಂಗ್ ಹಿರಿಯನಾಗಿರುವ, ಹಲವು ಸಂಸಾರಗಳ ಉದ್ದಮನೆ, ಸೆಬಾಂಗ್ ಹೊಳೆ, ಸರವಾಕ್.

ಠಾಣೆಯಲ್ಲಿ ಕೇಳಿದ್ದಕ್ಕೆ ನಾನು ಕಂಡು ಬಲ್ಲಷ್ಟನ್ನು ತಿಳಿಸುವುದೇನೆಂದರೆ:

ನನ್ನ ಹೆಂಡತಿ ಸೆಂಡಿ 1976ನೇ ಇಸವಿ ನವೆಂಬರ್ 3ರಂದು ಬೆಳಿಗ್ಗೆ ಜ್ವರದಿಂದ ತೀರಿಕೊಂಡಳು. ತಾವು ಶನಿವಾರದಿಂದ ಇಲ್ಲಿ ಕೂರಿಸಿಕೊಂಡಿರುವ ಬಾಲಾಂಗ್ ಅವಳ ತಮ್ಮ. ಅವನು ಹೊಳೆಗೆ ತೂಬಾ ಬೇರು ಹಾಕಿ ಮೀನು ಕೊಂದನೆಂದು ಹೊಳೆಯ ಕೆಳಭಾಗದ ಉದ್ದಮನೆಯವರು ದೂರು ಕೊಟ್ಟಿದ್ದಾರೆ. ಅವನು ಮೀನು ಹಿಡಿಯಲು ಹೋಗಿರಲಿಲ್ಲ.

ತೂಬಾ ಬಳ್ಳಿ ನಮ್ಮ ಮೆಣಸಿನ ತೋಟದ ಅಂಚಿನಲ್ಲಿದೆ. ಸೆಂಡಿ ತವರಿನಿಂದ ತುಂಡು ತಂದು ನೆಟ್ಟದ್ದು. ಬೇರನ್ನು ಜಜ್ಜಿ ನೀರಿನಲ್ಲಿ ಹಿಂಡಿದರೆ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗಾಗುತ್ತದೆ. ಅದನ್ನು ಎಲೆಗೊಂಚಲಿನಿಂದ ಮೆಣಸಿನ ಬಳ್ಳಿಗೆ, ಬದನೆಗೆ, ಅಲಸಂದೆಗೆ ಚಿಮುಕಿಸುತ್ತಿದ್ದಳು. ಹುಳ ಉದುರುತ್ತಿತ್ತು. ಪೇಟೆಯ ಔಷಧಿ ತರೋಣವೆಂದು ನಾನು ಅಂದಾಗಲೆಲ್ಲ, "ಅದರ ವಾಸನೆಗೆ ನನ್ನ ಬದನೆಕಾಯಿಗೇ ತಲೆನೋವು ಬರುತ್ತೆ, ನೀವು ಸುಮ್ನಿರಿ" ಅನ್ನುತ್ತಿದ್ದಳು.

ಹಿಂದೆ ಇದೇ ಬೇರಿನಿಂದ ಹೊಳೆಯಲ್ಲಿ ಮೀನು ಹಿಡಿಯುತ್ತಿದ್ದೆವು, ಅದನ್ನು ಮುಚ್ಚಿಡುವುದಿಲ್ಲ. ಆಗ ಎರಡು ಮೂರು ಉದ್ದಮನೆಯವರು ದೋಣಿಗಳಲ್ಲಿ ಕೂತು, ಬೇರನ್ನು ಕೋಲಿನಿಂದ ಒಂದೇ ತಾಳದಲ್ಲಿ ಜಜ್ಜುತ್ತಿದ್ದರು. ಸೆಂಡಿಯನ್ನು ಮೊದಲು ನೋಡಿದ್ದು ಹಾಗೆ ಎದುರು ದೋಣಿಯಲ್ಲಿ. ಅವಳ ತೋಳು ಮೊಣಕೈತನಕ ಹಾಲಿನಂತೆ ಬೆಳ್ಳಗಾಗಿತ್ತು. ನನ್ನ ಕೋಲು ತಾಳ ತಪ್ಪುತ್ತಿತ್ತು. "ಏನಪ್ಪಾ, ಬೇರು ಜಜ್ತಾ ಇದ್ದೀಯೋ, ಸೊಳ್ಳೆ ಓಡಿಸ್ತಾ ಇದ್ದೀಯೋ?" ಎಂದು ಕೂಗಿದಳು. ಎರಡು ದಡದವರೂ ನಕ್ಕರು. ಅಂದು ನಾನು ಒಂದು ಮೀನನ್ನೂ ಹಿಡಿಯಲಿಲ್ಲ. ಸರ್ಕಾರ ಬೇಡವೆಂದ ಮೇಲೆ ಆ ಬೇಟೆ ನಿಂತಿತು. ಬೇರು ತೋಟಕ್ಕೆ ಮಾತ್ರ ಉಳಿಯಿತು.

ಸೆಂಡಿಯನ್ನು 4ನೇ ತಾರೀಖು ಹೊಳೆಯ ಮೇಲಿನ ಇಳಿಜಾರಿನಲ್ಲಿ ಮಣ್ಣು ಮಾಡಿದೆವು. ಸತ್ತವರಿಗೆ ಬೇಕಾಗುವ ವಸ್ತುಗಳನ್ನು ಗೋರಿಯ ಮೇಲೆ ಇಡುವುದು ನಮ್ಮ ಪದ್ಧತಿ. ಇಡುವ ಮೊದಲು ಒಡೆಯಬೇಕು. ಇಲ್ಲಿ ಒಡೆದದ್ದು ಅಲ್ಲಿ ಇಡಿಯಾಗಿ ಸಿಗುತ್ತದೆ. ಅವಳ ಬಟ್ಟಲು ಒಡೆದೆವು, ಬಿಸಿಲುಟೋಪಿ ಹರಿದೆವು, ಕತ್ತಿಯ ಹಿಡಿ ಮುರಿದೆವು. ಕೊನೆಗೆ ಬಾಲಾಂಗ್ ಒಂದು ದೊಡ್ಡ ಬುಟ್ಟಿ ತುಂಬ ತೂಬಾ ಬೇರು ಹೊತ್ತು ತಂದ.

"ಅಕ್ಕ ಅಲ್ಲಿಗೆ ಹೋಗಿ ಕೈ ಕಟ್ಕೊಂಡು ಕೂರ್ತಾಳಾ? ನಾಳೆನೇ ತೋಟ ಶುರು ಮಾಡ್ತಾಳೆ. ಹುಳ ಅಲ್ಲೂ ಇರುತ್ತೆ" ಎಂದ. ಒಂದು ಕಲ್ಲಿನ ಮೇಲಿಟ್ಟು ಬೇರನ್ನು ಜಜ್ಜತೊಡಗಿದ. ಅವನ ಸೋದರತ್ತೆ, "ಬೇರನ್ನ ಯಾರಾದ್ರೂ ಒಡೀತಾರೇನೋ? ಅದೇನು ಮಡಕೆಯಾ?" ಎಂದು ಬೈದಳು. "ಇಡಿಯಾಗಿ ಕೊಟ್ರೆ ಅವಳ ಕೈಗೆ ಸೇರಲ್ಲ ಅತ್ತೆ" ಎಂದ. ಎರಡು ಬೇರು ಜಜ್ಜಿದ್ದರೆ ಸಾಕಾಗಿತ್ತು. ಅವನು ಬುಟ್ಟಿ ಬರಿದಾಗುವ ತನಕ ನಿಲ್ಲಿಸಲಿಲ್ಲ. ನಾವೂ ತಡೆಯಲಿಲ್ಲ, ಅಳಲು ಬಾರದವನು ಏನಾದರೂ ಮಾಡಲಿ ಎಂದು ಸುಮ್ಮನಿದ್ದೆವು.

ಅಂದು ಸಂಜೆಯೇ ಮಳೆ ಹಿಡಿಯಿತು. ಮರುದಿನವೂ ಬಿಡಲಿಲ್ಲ. ಬೇರಿನ ಹಾಲು ಇಳಿಜಾರಿನಲ್ಲಿ ಹರಿದು ಹೊಳೆಗೆ ಸೇರಿತು. 6ರಂದು ಬೆಳಿಗ್ಗೆ ಗೋರಿಯ ಕೆಳಗಿನ ಮಡುವಿನಲ್ಲಿ ಮೀನು ತೇಲಿದವು. ತಾವು ಅಂದು ಬಂದು ಬಾಲಾಂಗನ ಬುಟ್ಟಿ ಮೂಸಿ ನೋಡಿ ಅವನನ್ನು ಕರೆದೊಯ್ದಿರಿ. ಸತ್ತವರಿಗೆ ಕೊಟ್ಟದ್ದನ್ನು ಕೊಟ್ಟವನೇ ಬಾಯಿಬಿಟ್ಟು ಹೇಳಿದರೆ ವಾಪಸು ಕೇಳಿದಂತೆ ಎಂದು ನಮ್ಮವರ ನಂಬಿಕೆ. ಅದಕ್ಕೇ ಅವನು ತಮ್ಮ ಮುಂದೆ ಮಾತಾಡಿಲ್ಲ. ಜೈಲಾದರೂ ಆಡುವುದಿಲ್ಲ. ಅವನ ಬದಲು ನಾನು ಹೇಳುತ್ತಿದ್ದೇನೆ. ಸೆಂಡಿ ಮುನಿಸಿಕೊಂಡರೆ ನನ್ನ ಮೇಲೆ ಮುನಿಸಿಕೊಳ್ಳಲಿ.

ಆ ಮೀನನ್ನು ನಮ್ಮ ಮನೆಯ ಯಾರೂ ಮುಟ್ಟಿಲ್ಲ. ತಾವು ಬಂದಾಗ ಅವು ಕೊಳೆಯುತ್ತ ಬಿದ್ದಿದ್ದನ್ನು ತಾವೇ ಕಂಡಿರಿ. ಬೇಟೆಗಾಗಿ ಬೇರು ಹಾಕುವವರು ಬಲೆ ಹಿಡಿದು ಕಾಯುತ್ತಾರೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದಿಲ್ಲ. ಕೆಳಗಿನವರಿಗಾದ ನಷ್ಟಕ್ಕೆ ಇಡೀ ಉದ್ದಮನೆ ಹೊಣೆ ಎಂದು ಗುಯಾಂಗ್ ಒಪ್ಪಿದ್ದಾನೆ.

ಜಜ್ಜಿದ ಬೇರಿನ ಸಿಪ್ಪೆ ಗೋರಿಯ ಮೇಲೆ ಇನ್ನೂ ಇದೆ. ತಾವು ಬಂದು ನೋಡಬಹುದು, ದಾರಿ ತೋರಿಸುತ್ತೇನೆ. ಸಾಕ್ಷಿಗೆಂದು ಠಾಣೆಗೆ ತರುವುದು ಮಾತ್ರ ಬೇಡ. ಅದು ಈಗ ಅವಳದು.

ಇನ್ನೊಂದು ಮಾತು. ಸೆಂಡಿಯ ಹಬ್ಬದ ಉಡುಪು, ಬೆಳ್ಳಿ ಬಳೆ ಕಟ್ಟಿಟ್ಟ ಶೋಕದ ಗಂಟು ನನ್ನ ಕೋಣೆಯಲ್ಲಿದೆ. ಅದನ್ನು ಬಿಚ್ಚುವ ತನಕ ಮನೆಯಲ್ಲಿ ಗಂಟೆ ಬಾರಿಸುವುದಿಲ್ಲ, ರೇಡಿಯೊ ಹಾಕುವುದಿಲ್ಲ, ಮದುವೆ ಮಾತಾಡುವುದಿಲ್ಲ. ಬಾಲಾಂಗ್ ಬಾರದೆ ಬಿಚ್ಚಬಾರದೆಂದು ಎಲ್ಲರೂ ತೀರ್ಮಾನಿಸಿದ್ದಾರೆ. ಮಕ್ಕಳು ರೇಡಿಯೊ ಎಂದು ಗೋಳಾಡುತ್ತಿವೆ. ಆ ಗಂಟು ಬಿಚ್ಚಲು ಅವಸರವಿಲ್ಲದವನು ಮನೆಯಲ್ಲಿ ನಾನೊಬ್ಬನೇ. ಆದರೂ ಬಾಲಾಂಗನನ್ನು ಬೇಗ ಕಳಿಸಿಕೊಡಬೇಕೆಂದು ಕೇಳಿಕೊಳ್ಳುತ್ತೇನೆ.

ಬರೆದುಕೊಂಡದ್ದನ್ನು ನನಗೆ ಓದಿ ಹೇಳಿದರು. ನಾನು ಹೇಳಿದಂತೆಯೇ ಇದೆ, ಸುಳ್ಳು ಸೇರಿಲ್ಲ.

ಸ್ಥಳ: ಸೆಬಾಂಗ್ ಠಾಣೆ
ದಿನಾಂಕ: 9 ನವೆಂಬರ್ 1976
(ಸಹಿ) ಜಾಬು