ಮಧ್ಯಾಹ್ನ ಮೂರರ ಸಂಪರ್ಕ ಕಡಿತ

ಹೆಸರು: ಅಮೂಲ್ಯಾ ಕಶ್ಯಪ ಉಪಾಧ್ಯ. ವಯಸ್ಸು: 34. ಉದ್ಯೋಗ: ಘಣಸೋಲಿಯ ಖಾಸಗಿ ಸರಕು ಸಾಗಣೆ ಕಂಪನಿಯೊಂದರಲ್ಲಿ ಬಿಲ್ಲಿಂಗ್ ಸಹಾಯಕಿ. ವಾಸ: ಡೊಂಬಿವಲಿ ಪೂರ್ವ. ಮೂಲ ಊರು: ಉಡುಪಿ.

ಮೇಲ್ಕಂಡ ನಾನು ಕಲ್ಯಾಣದ ಪೊಲೀಸ್ ಠಾಣೆಗೆ ಸ್ವಇಚ್ಛೆಯಿಂದ ಹಾಜರಾಗಿ ಹೇಳಿ ಬರೆಸುವುದೇನೆಂದರೆ, ನನ್ನ ಹೆಸರಿನಲ್ಲಿ ಬೇರೆ ಯಾರೋ ಕಚೇರಿಯ ಕಂಪ್ಯೂಟರ್ ಜಾಲದೊಳಗೆ ಪ್ರವೇಶಿಸಿದ್ದಾರೆಂದು ನಮ್ಮ ಕಂಪನಿಯವರು ಕೊಟ್ಟಿರುವ ದೂರಿನ ಬಗ್ಗೆ ನನಗೆ ತಿಳಿದಿರುವುದೆಲ್ಲ ಈ ಕೆಳಗಿನಂತಿದೆ. ನನಗೆ ಮರಾಠಿ ಬರುತ್ತದೆ. ಆದರೆ ಈ ವಿಷಯವನ್ನು ಮರಾಠಿಯಲ್ಲಿ ಹೇಳಲು ನನ್ನಿಂದ ಆಗದ ಕಾರಣ, ಕನ್ನಡ ಬಲ್ಲ ಹವಾಲ್ದಾರ್ ಭೀಮು ಅವರು ಬರೆದುಕೊಳ್ಳುತ್ತಿದ್ದಾರೆ.

ನನ್ನ ಗಂಡ ಕಶ್ಯಪ, ವಯಸ್ಸು 38, ಠಾಣೆ ನಗರದ ಕೋಚಿಂಗ್ ಕ್ಲಾಸಿನಲ್ಲಿ ಗಣಿತ ಕಲಿಸುತ್ತಿದ್ದರು. ನಮ್ಮ ಒಬ್ಬಳೇ ಮಗಳು ಅನಘಾ 2024ರ ಸೆಪ್ಟೆಂಬರಿನಲ್ಲಿ ಜ್ವರ ಬಂದು ಐದನೇ ದಿನ ತೀರಿಕೊಂಡಳು. ಆಗ ಅವಳಿಗೆ ಏಳು ವರ್ಷ. ಆ ನಂತರ ನಮ್ಮಿಬ್ಬರಲ್ಲಿ ಜಗಳವೇನೂ ಆಗಿಲ್ಲ. ಮಾತೂ ಹೆಚ್ಚಾಗಿ ಆಗುತ್ತಿರಲಿಲ್ಲ. 2025ರ ಮಾರ್ಚ್ 10ರಂದು ಬೆಳಿಗ್ಗೆ ಕ್ಲಾಸಿಗೆಂದು ಹೊರಟ ನನ್ನ ಗಂಡ ಹಿಂತಿರುಗಲಿಲ್ಲ. ತಮ್ಮ ಫೋನನ್ನು ಫ್ರಿಜ್ಜಿನ ಮೇಲೆ ಬಿಟ್ಟು ಹೋಗಿದ್ದರು. ಮಾರನೆಯ ದಿನ ಡೊಂಬಿವಲಿಯಲ್ಲಿ ಕಾಣೆಯಾದವರ ದೂರು ಕೊಟ್ಟೆನು. ಪೊಲೀಸರು ಹುಡುಕಿದರು. ಸುಳಿವು ಸಿಗಲಿಲ್ಲ.

ನಾನು ವಾರದಲ್ಲಿ ಐದೂ ದಿನ ಮನೆಯಿಂದಲೇ ಕೆಲಸ ಮಾಡುತ್ತೇನೆ. ಮನೆಯಿಂದ ಕಚೇರಿಯ ಜಾಲದೊಳಗೆ ಹೋಗಲು ವಿಪಿಎನ್ ಎಂಬ ವ್ಯವಸ್ಥೆ ಇದೆ. ಹೆಸರು, ಪಾಸ್‌ವರ್ಡ್ ಹಾಕಿ, ಫೋನಿನ ಆ್ಯಪ್ ತೋರಿಸುವ ಅಂಕೆಗಳನ್ನು ಒತ್ತಿದರೆ ಒಳಗೆ ಹೋಗಬಹುದು. ನವೆಂಬರ್ 3, ಸೋಮವಾರ, ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ನನ್ನ ಸಂಪರ್ಕ ಕಡಿದುಹೋಯಿತು. ಮತ್ತೆ ಸೇರಿಕೊಂಡೆನು. ಐದು ನಿಮಿಷದಲ್ಲಿ ಮತ್ತೆ ಕಡಿಯಿತು. ನಾಲ್ಕು ಗಂಟೆಯವರೆಗೆ ಹೀಗೇ ನಡೆದು, ಆಮೇಲೆ ತಾನಾಗಿಯೇ ಸರಿಯಾಯಿತು.

ಕಚೇರಿಯ ತಾಂತ್ರಿಕ ವಿಭಾಗಕ್ಕೆ ಫೋನ್ ಮಾಡಿದಾಗ ಜಯೇಶ್ ಎಂಬವರು ಮಾತನಾಡಿದರು. ಅವರು ಕೋಪರಖೈರಣೆಯಲ್ಲಿ ಹುಟ್ಟಿ ಬೆಳೆದವರು, ತಂದೆತಾಯಿ ಕಾರ್ಕಳದ ಕಡೆಯವರು. ಕನ್ನಡ ಅರ್ಥವಾಗುತ್ತದೆ, ಉತ್ತರ ಕೊಡುವುದು ಹಿಂದಿಯಲ್ಲಿ. ರೂಟರ್ ಬಂದ್ ಮಾಡಿ ಶುರು ಮಾಡಲು ಹೇಳಿದರು. ಮಂಗಳವಾರ ಫೋನಿನ ಹಾಟ್‌ಸ್ಪಾಟ್‌ನಲ್ಲಿ ನೋಡಲು ಹೇಳಿದರು. ಬುಧವಾರ ವಿಪಿಎನ್ ಸಾಫ್ಟ್‌ವೇರನ್ನೇ ತೆಗೆದು ಹೊಸದಾಗಿ ಹಾಕಿಸಿದರು. ಮೂರೂ ದಿನ ಮೂರು ಗಂಟೆಗೆ ಅದೇ ತೊಂದರೆಯಾಯಿತು.

ಗುರುವಾರ ಜಯೇಶ್ ತಾವಾಗಿಯೇ ಫೋನ್ ಮಾಡಿ, ತೊಂದರೆ ನನ್ನ ಕಡೆಯದಲ್ಲ ಎಂದರು. ಒಬ್ಬರ ಹೆಸರಿನಲ್ಲಿ ಒಂದೇ ಸಂಪರ್ಕ ಎಂಬ ನಿಯಮ ನವೆಂಬರ್ ಒಂದರಿಂದ ಜಾರಿಗೆ ಬಂದಿದೆ, ಅದಕ್ಕೆ ಮೊದಲು ಎಷ್ಟು ಜನ ಸೇರಿಕೊಂಡರೂ ತಿಳಿಯುತ್ತಿರಲಿಲ್ಲ ಎಂದು ತಿಳಿಸಿದರು. ನನ್ನ ಹೆಸರಿನಲ್ಲಿ ಇನ್ನೊಂದು ಫೋನ್ ಜಾಲಕ್ಕೆ ಬರುತ್ತಿದೆ, ಅದು ಒಳಗೆ ಬಂದಾಗ ನಾನು ಹೊರಗೆ ಬೀಳುತ್ತೇನೆ, ನಾನು ಮತ್ತೆ ಒಳಗೆ ಹೋದಾಗ ಅದು ಹೊರಗೆ ಬೀಳುತ್ತದೆ ಎಂದರು. ಆ ಫೋನಿನ ಹೆಸರನ್ನು ಓದಿ ಹೇಳಿದರು: "ಅನಘಾಚಾ ಫೋನ್."

ಅವರು, "ಮೇಡಂ, ಯೇ ಅನಘಾ ಕೌನ್ ಹೈ?" ಎಂದು ಕೇಳಿದರು.

ಅದು ನನ್ನ ಹಳೆಯ ಫೋನ್. ಲ್ಯಾಪ್‌ಟಾಪ್ ರಿಪೇರಿಗೆ ಹೋಗಿದ್ದಾಗ ಅದರಲ್ಲೇ ವಿಪಿಎನ್ ಹಾಕಿಕೊಂಡು ಕೆಲಸ ಮಾಡಿದ್ದೆನು. ಆಮೇಲೆ ಸಿಮ್ ತೆಗೆದು ಮಗಳಿಗೆ ಆಡಲು ಕೊಟ್ಟೆವು. ಅಂಕೆ ತೋರಿಸುವ ಆ್ಯಪ್ ಅದರಲ್ಲೇ ಉಳಿದಿತ್ತು. ಹೆಸರು ಬದಲಿಸಿದವಳು ಅವಳೇ. ಅದು ಕಪಾಟಿನಲ್ಲಿದೆ ಎಂದೇ ನಾನು ತಿಳಿದಿದ್ದೆನು. ಆ ದಿನ ನೋಡಿದಾಗ ಇರಲಿಲ್ಲ. ನನ್ನ ಪಾಸ್‌ವರ್ಡ್ ಯಾವಾಗಲೂ ಮಗಳ ಹೆಸರು ಮತ್ತು ಒಂದು ಅಂಕೆ. ಮೂರು ತಿಂಗಳಿಗೊಮ್ಮೆ ಅಂಕೆ ಮಾತ್ರ ಬದಲಿಸುತ್ತೇನೆ. ಇದು ನನ್ನ ಗಂಡನಿಗೆ ಗೊತ್ತು.

ನನ್ನ ಕೋರಿಕೆಯ ಮೇರೆಗೆ ಜಯೇಶ್ ಹಿಂದಿನ ದಾಖಲೆ ತೆಗೆದು ನೋಡಿದರು. ಏಪ್ರಿಲ್ ತಿಂಗಳಿಂದ ಆ ಫೋನ್ ಬಹುತೇಕ ಪ್ರತಿದಿನ ಮೂರರಿಂದ ನಾಲ್ಕರವರೆಗೆ ಬಂದುಹೋಗಿದೆ. ಕಂಪನಿಯ ಯಾವ ಕಡತವನ್ನೂ ತೆರೆದಿಲ್ಲ. ಸರ್ವರಿನಲ್ಲಿ ನನ್ನ ಹೆಸರಿನ ಜಾಗದಲ್ಲಿರುವ ಒಂದೇ ಫೋಲ್ಡರ್ ತೆರೆದಿದೆ. ಅದರಲ್ಲಿ ಮಗಳ ಧ್ವನಿಯ ಹನ್ನೊಂದು ರೆಕಾರ್ಡಿಂಗ್‌ಗಳಿವೆ. ಫೋನ್ ಬದಲಿಸುವಾಗ ಕಳೆದುಹೋದಾವೆಂದು ನಾನೇ ಅಲ್ಲಿ ಹಾಕಿ, ಗಂಡನಿಗೂ ಹೇಳಿದ್ದೆನು. ಅವು ಬೇರೆಲ್ಲೂ ಇಲ್ಲ. ಮಗಳು ಹೋದ ಮೇಲೆ ನಾನು ಒಮ್ಮೆಯೂ ಅದನ್ನು ತೆರೆದಿರಲಿಲ್ಲ.

ನನ್ನ ಗಂಡ ಬದುಕಿದ್ದಾರೆಂದು ನನಗೆ ತಿಳಿದದ್ದು ಹೀಗೆ. ಇಷ್ಟು ಬರೆದುಕೊಂಡ ಹವಾಲ್ದಾರರು, "ನೀರು ಕುಡೀರಿ ಬಾಯಾರ, ಅವಸರ ಏನೂ ಇಲ್ಲ. ಇದೂ ಬರೀಬೇಕಾಗತೈತಿ, ನಿಧಾನ ಹೇಳ್ರಿ" ಎಂದರು.

ಶುಕ್ರವಾರ, ನವೆಂಬರ್ 7ರಿಂದ, ಮೂರು ಗಂಟೆಗೆ ಸಂಪರ್ಕ ಕಡಿದ ಕೂಡಲೇ ನಾನು ಲ್ಯಾಪ್‌ಟಾಪ್ ಮುಚ್ಚಿಡುತ್ತಿದ್ದೆನು. ನಾಲ್ಕರವರೆಗೆ ತೆರೆಯುತ್ತಿರಲಿಲ್ಲ. ಅಷ್ಟು ದಿನ ತಿಳಿಯದೆ ನಾನೇ ಅವರನ್ನು ಐದೈದು ನಿಮಿಷಕ್ಕೆ ಹೊರಗೆ ಹಾಕಿದ್ದೆನು. ಆ ಒಂದು ಗಂಟೆ ಮೇಜಿನ ಬಳಿ ಸುಮ್ಮನೆ ಕೂತಿರುತ್ತಿದ್ದೆನು. ಸಂಪರ್ಕ ಕಡಿಯುವುದು ಐದು ನಿಮಿಷ ತಡವಾದರೆ ಗಾಬರಿಯಾಗುತ್ತಿತ್ತು. ಕಡಿದರೆ ಸಮಾಧಾನವಾಗುತ್ತಿತ್ತು. ಶನಿವಾರ, ಭಾನುವಾರ ರಜೆ ಇದ್ದರೂ ಎರಡೂವರೆಗೇ ಸೇರಿಕೊಂಡು, ಕಡಿಯಲಿ ಎಂದು ಕಾದಿದ್ದೇನೆ.

ಸೋಮವಾರ ಮ್ಯಾನೇಜರ್ ಶೇಖರ ಅವರು ಕರೆದು, ಮಧ್ಯಾಹ್ನ ನನ್ನ ಕೆಲಸ ನಿಂತಿರುವುದರ ಬಗ್ಗೆ ಕೇಳಿದರು. ಜಯೇಶ್ ನಿಯಮದಂತೆ ವರದಿ ಕೊಟ್ಟಿದ್ದರು, ಅದರಲ್ಲಿ ಅವರ ತಪ್ಪಿಲ್ಲ. ಹೊರಗಿನವರು ಜಾಲದೊಳಗೆ ಬಂದರೆ ಪೊಲೀಸ್ ದೂರು ಕೊಡಲೇಬೇಕು, ಆ ಖಾತೆಯನ್ನು ಮುಚ್ಚಲೇಬೇಕು ಎಂದು ಶೇಖರ ಅವರು ಹೇಳಿದರು. ನಾನು, "ಸರ್, ದೂರು ಕೊಡಿ. ನನ್ನನ್ನು ಕೆಲಸದಿಂದ ತೆಗೀರಿ. ಬಾಗಿಲು ಮಾತ್ರ ಈಗಲೇ ಹಾಕ್ಬೇಡಿ. ಹಾಕಿದ್ರೆ ಅವರು ಇನ್ನೆಲ್ಲಿಗೆ ಹೋಗ್ತಾರೋ ನಂಗೆ ಗೊತ್ತಾಗೂದಿಲ್ಲ" ಎಂದೆನು. ಅವರು, ಶುಕ್ರವಾರ ಸಂಜೆ ಆರರವರೆಗೆ ಮಾತ್ರ, ಅದಕ್ಕಿಂತ ಮುಂದೆ ತಮ್ಮ ಕೈಯಲ್ಲಿಲ್ಲ ಎಂದರು.

ಆ ಫೋನ್ ಕಲ್ಯಾಣ ಪಶ್ಚಿಮದ ಒಬ್ಬ ಕೇಬಲ್‌ನವನ ಇಂಟರ್ನೆಟ್‌ನಿಂದ ಬರುತ್ತಿದೆ, ಮನೆ ನಂಬರ್ ತಿಳಿಯುವುದಿಲ್ಲ ಎಂದು ಜಯೇಶ್ ಹೇಳಿದ್ದರು. ಬುಧವಾರ ನಾನು ಇದನ್ನು ನನ್ನ ತಂದೆ ಪುಂಡರೀಕಾಕ್ಷ ಅವರಿಗೆ ಹೇಳಿದೆನು. ಅವರು ಡೊಂಬಿವಲಿಯಲ್ಲಿ ಮೂವತ್ತು ವರ್ಷ ಹೋಟೆಲ್ ನಡೆಸಿದವರು. ಯಾವ ಹೊತ್ತಿಗೆ ಬರುತ್ತಾನೆ ಎಂದು ಎರಡು ಸಲ ಕೇಳಿದರು. "ಊಟ ಮುಗ್ದು ಸಂಜೆಯ ಚಾಕ್ಕೆ ಹಾಲು ಇಡುವವರೆಗೆ. ಅದು ಹೋಟ್ಲಿನವರ ಹೊತ್ತು ಮಗಾ. ಉಳಿದ ದಿನ ಎಲ್ಲ ಗಿರಾಕಿಯದ್ದು, ಆ ಒಂದು ಗಂಟೆ ಮಾತ್ರ ನಮ್ದು" ಎಂದರು. ಕಲ್ಯಾಣದ ತಮ್ಮ ಪರಿಚಯದ ಹೋಟೆಲ್‌ಗಳಿಗೆಲ್ಲ ಫೋನ್ ಮಾಡತೊಡಗಿದರು. ಸಂಜೆ ಪೂವಪ್ಪ ಎಂಬ ಹೋಟೆಲ್ ಮಾಲೀಕರು, ಏಪ್ರಿಲ್‌ನಿಂದ ಒಬ್ಬರು ತಮ್ಮಲ್ಲಿ ಗಲ್ಲಾದ ಲೆಕ್ಕ ನೋಡುತ್ತಿದ್ದಾರೆ, ಊರವರೇ, ಮಾತು ಕಡಿಮೆ ಎಂದು ತಿಳಿಸಿದರು. ಯಾರೆಂದು ತಾವು ಕೇಳಲಿಲ್ಲ, ಮುಖ ನೋಡಿ ಕೇಳಲು ಮನಸ್ಸಾಗಲಿಲ್ಲ ಎಂದರು.

ನವೆಂಬರ್ 13, ಗುರುವಾರ, ನಾನು ಡೊಂಬಿವಲಿಯಿಂದ ಲೋಕಲ್ ರೈಲು ಹಿಡಿದು ಕಲ್ಯಾಣದಲ್ಲಿ ಇಳಿದೆನು. ನಡುವೆ ಠಾಕುರ್ಲಿ ಒಂದೇ ನಿಲ್ದಾಣ. ಏಳು ತಿಂಗಳು ನನ್ನ ಗಂಡ ಇಷ್ಟೇ ದೂರದಲ್ಲಿದ್ದರು. ಹೋಟೆಲ್ ತಲುಪಿದಾಗ ಮೂರು ಕಳೆದಿತ್ತು. ಪೂವಪ್ಪ ಅವರು ಹಿಂಬದಿಗೆ ಕೈ ತೋರಿಸಿದರು.

ತರಕಾರಿ ತೊಳೆಯುವ ಕಟ್ಟೆಯ ಪಕ್ಕ, ಮಗುಚಿ ಹಾಕಿದ ಹಾಲಿನ ಕ್ರೇಟಿನ ಮೇಲೆ ನನ್ನ ಗಂಡ ಗೋಡೆಗೆ ಮುಖ ಮಾಡಿ ಕೂತಿದ್ದರು. ಫೋನು ಕಿವಿಗೆ ಒತ್ತಿಕೊಂಡಿದ್ದರು. ನಾನು ಹತ್ತಿರ ಹೋದಾಗ ನನಗೂ ಕೇಳಿಸಿತು. ಆ ರೆಕಾರ್ಡಿಂಗಿನಲ್ಲಿ ನನ್ನ ಗಂಡ, ಊಟ ಆಯ್ತಾ ಮಗಾ ಎಂದು ಕೇಳುತ್ತಾರೆ. ಮಗಳು, "ಹೋ ಪಪ್ಪಾ, ಝಾಲಂ" ಎಂದು ಮರಾಠಿಯಲ್ಲಿ, ಆಯ್ತು ಎನ್ನುತ್ತಾಳೆ. ಏನು ಊಟ ಎಂದು ಕೇಳುತ್ತಾರೆ. ಅವಳು ನಗುತ್ತಾಳೆ. ಅಷ್ಟೇ ಇರುವುದು. ಅದು ಮುಗಿಯುವವರೆಗೆ ನಾನು ಮಾತನಾಡಿಸಲಿಲ್ಲ.

ಅವರು ತಿರುಗಿ ನೋಡಿದರು. ತುಂಬ ಬಡವಾಗಿದ್ದರು. ನಾವು ಮನೆಯಲ್ಲಿ ತುಳು ಮಾತನಾಡುವವರು, ತುಳುವಿನಲ್ಲೇ ಕೇಳಿದರು. ಕನ್ನಡದಲ್ಲಿ ಹೇಳುವುದಾದರೆ, "ಮೊನ್ನೆ ಐದೈದು ನಿಮಿಷಕ್ಕೆ ಕಟ್ಟಾಗ್ತಾ ಇತ್ತು. ಆಮೇಲೆ ಆಗ್ಲಿಲ್ಲ. ನೀನು ಬಿಟ್ಟುಕೊಟ್ಟದ್ದಾ?" ಎಂದು. ನಾನು ಹೌದು ಎಂದೆನು. ಯಾಕೆ ಹೋದಿರಿ ಎಂದು ಕೇಳಿದೆನು. "ಬಾಗಿಲಲ್ಲಿ ಅವಳ ಚಪ್ಪಲಿ ಇತ್ತಲ್ಲ. ದಿನಾ ಅದನ್ನು ದಾಟಿ ಒಳಗೆ ಬರ್ಲಿಕ್ಕೆ ನನ್ನಿಂದ ಆಗ್ಲಿಲ್ಲ. ತೆಗೀಲಿಕ್ಕೂ ಆಗ್ಲಿಲ್ಲ" ಎಂದರು. ನನಗೂ ತೆಗೆಯಲು ಆಗಿಲ್ಲ ಎಂದು ಹೇಳಿದೆನು. ಆಮೇಲೆ ಅವರು ಕ್ರೇಟಿನಲ್ಲಿ ಸರಿದು ಜಾಗ ಕೊಟ್ಟರು. ಉಳಿದ ಹತ್ತನ್ನೂ ನಾವು ಒಟ್ಟಿಗೆ ಕೇಳಿದೆವು. ನಾಲ್ಕು ಗಂಟೆಗೆ ಅವರು ಗಲ್ಲಾಕ್ಕೆ ಹೋದರು. ಪೂವಪ್ಪ ಅವರು ನನಗೆ ಚಹಾ ಕೊಟ್ಟರು.

ನಿನ್ನೆ, ಶುಕ್ರವಾರ, ಆರು ಗಂಟೆಗೆ ಖಾತೆ ಮುಚ್ಚಿದರು. ಅದಕ್ಕೆ ಮೊದಲು ಶೇಖರ ಅವರ ಅನುಮತಿ ಪಡೆದು ಜಯೇಶ್ ಆ ಫೋಲ್ಡರನ್ನು ಪೆನ್‌ಡ್ರೈವ್‌ಗೆ ಹಾಕಿ, ಕೆಲಸ ಮುಗಿದ ಮೇಲೆ ಘಣಸೋಲಿಯಿಂದ ಡೊಂಬಿವಲಿಯವರೆಗೆ ಬಂದು ನನ್ನ ಕೈಗೆ ಕೊಟ್ಟರು. ಅದುವರೆಗೆ ಮೇಡಂ ಎನ್ನುತ್ತಿದ್ದವರು, ಹೋಗುವಾಗ ಕನ್ನಡದಲ್ಲಿ, "ಅಕ್ಕ, ಎರಡು ಕಾಪಿ ಮಾಡಿ ಇಡಿ" ಎಂದರು.

ನನ್ನ ಗಂಡ ಕಂಪನಿಯ ಯಾವ ಮಾಹಿತಿಯನ್ನೂ ಕದ್ದಿಲ್ಲ. ಪಾಸ್‌ವರ್ಡ್ ನನ್ನದು, ಫೋನ್ ನನ್ನದು, ಅದರ ಹೊಣೆ ನನ್ನದು. ಅವರು ಇಂದು ಬೆಳಿಗ್ಗೆ ತಾವಾಗಿಯೇ ನನ್ನ ಜೊತೆ ಠಾಣೆಗೆ ಬಂದು ಹೊರಗಿನ ಬೆಂಚಿನಲ್ಲಿ ಕುಳಿತಿದ್ದಾರೆ. ಅವರ ಮೇಲೆ ನನ್ನ ದೂರು ಏನೂ ಇಲ್ಲ. ಕಾಣೆಯಾದವರ ದೂರನ್ನು ಮುಕ್ತಾಯ ಮಾಡಬೇಕೆಂದು ಕೋರುತ್ತೇನೆ.

ಅವರು ಮನೆಗೆ ಮರಳಿದ್ದಾರೆಯೇ ಎಂದು ಹವಾಲ್ದಾರರು ಕೇಳಿದ್ದಕ್ಕೆ ನನ್ನ ಉತ್ತರ: ಇನ್ನೂ ಇಲ್ಲ. ಹೋಟೆಲಿನ ಮಹಡಿಯಲ್ಲೇ ಇದ್ದಾರೆ. ನಾನು ಒತ್ತಾಯ ಮಾಡಿಲ್ಲ. ಇಲ್ಲಿಗೆ ಬರುವ ದಾರಿಯಲ್ಲಿ ರೈಲ್ವೆ ಸ್ಟೇಷನ್ನಿನ ಮುಂದೆ ಅವರು ನಿಂತರು. ಡೊಂಬಿವಲಿಗೆ ಅವರಿಗೂ ಟಿಕೆಟ್ ತೆಗೆಯಲೇ ಎಂದು ಕೇಳಿದೆನು. "ರಿಟರ್ನ್ ತೆಗಿ. ನೋಡುವ" ಎಂದರು. ರಿಟರ್ನ್ ತೆಗೆದಿದ್ದೇನೆ.

ನಾನು ಹೇಳಿದಂತೆಯೇ ಬರೆದಿರುವ ಇದನ್ನು ಹವಾಲ್ದಾರರು ಓದಿ ಹೇಳಿದರು, ಕೇಳಿದೆನು. ಇದರಲ್ಲಿರುವುದು ನಿಜ. ಯಾರ ಬಲವಂತವೂ ಇಲ್ಲ.

ಸ್ಥಳ: ಕಲ್ಯಾಣ
ದಿನಾಂಕ: 15-11-2025

(ಸಹಿ)
ಅಮೂಲ್ಯಾ ಕಶ್ಯಪ ಉಪಾಧ್ಯ