ಹಾಸಿಗೆಯತ್ತ ತಿರುಗಿದ ಬೂಟುಗಳು

ನಾರ್ವೆಯ ಬರ್ಗೆನ್ನಿನ ನಿದ್ರಾ ಚಿಕಿತ್ಸಾಲಯದಲ್ಲಿ ನನ್ನೆದುರು ಒಬ್ಬ ಅಣ್ಣ, ಒಬ್ಬಳು ತಂಗಿ ಕೂತಿದ್ದರು. ತಂಗಿಯ ತೊಡೆಯ ಮೇಲೆ ಪಿಟೀಲಿನ ಪೆಟ್ಟಿಗೆ ಇತ್ತು. ಮಾತು ತೆಗೆದವನು ಅಣ್ಣ.

"ನಿನ್ನೆ ನಿನ್ನ ಕೋಣೇಲಿ ನೋಡ್ದೆ ಯೂರುನ್. ಬೂಟಿನ ಮೂತಿ ಹಾಸಿಗೆ ಕಡೆಗಿತ್ತು."

"ಕತ್ತಲಲ್ಲಿ ಹೇಗೋ ಬಿಚ್ಚಿಟ್ಟಿರ್ತೀನಿ."

"ಸುಳ್ಳು ಹೇಳ್ಬೇಡ. ನಿದ್ದೇಲಿ ಮಾರಾ ಪಿಶಾಚಿ ಬಂದು ಎದೆ ಮೇಲೆ ಕೂರಬಾರದು ಅಂತ ಬೂಟನ್ನ ಬಾಗಿಲ ಕಡೆ ತಿರುಗಿಸಿಡೋದು ಅಜ್ಜಿ ನಮ್ಮಿಬ್ಬರಿಗೂ ಕಲಿಸಿದ್ಳು. ನೀನು ಆ ಮಾರಾನ ಬೇಕಂತಲೇ ಕರೀತಿದ್ದೀಯ."

"ಹೂಂ, ಕರೀತಿದ್ದೀನಿ. ಅವಳು ಬಂದು ಕೂತ್ರೆ ಕೈಕಾಲು ಅಲ್ಲಾಡಲ್ಲ, ಉಸಿರು ಕಟ್ಟುತ್ತೆ. ಆಗಲೇ ಅಣ್ಣಾ, ರಾಗ ಕೇಳಿಸೋದು. ನಾನು ಕಟ್ಟಿದ್ದೆಲ್ಲ ಅವಳು ಕೊಟ್ಟಿದ್ದೇ."

"ಡಾಕ್ಟರ್ ಕೊಟ್ಟ ಮಾತ್ರೆ?"

"ನುಂಗಿದ್ದೆ. ಚೆನ್ನಾಗಿ ನಿದ್ದೆ ಬಂತು. ಚಳಿಗಾಲ ಪೂರ್ತಿ ಒಂದು ರಾಗ ಹುಟ್ಟಲಿಲ್ಲ. ಅದಕ್ಕೇ ಬಿಟ್ಟೆ."

"ಬಿಟ್ಟು, ರಾತ್ರಿಯೆಲ್ಲ ನಿದ್ದೆಗೆಟ್ಟು, ಹಾಡುಹಗಲೇ ನಿದ್ದೆಗೆ ಜಾರಿದೆ. ನಿನ್ನ ಕೂಸು ಸಿನ್ನೆ ಸ್ನಾನದ ತೊಟ್ಟೀಲಿತ್ತು. ನಾನು ಮೀನು ಕೊಡೋಕೆ ಬರದೇ ಇದ್ದಿದ್ರೆ?"

"ಗೊತ್ತು."

"ಏನು ಗೊತ್ತು? ಮುಳುಗಿದ ಮಗೂನ ಎತ್ತಿದವನು ನಾನು. ನೀನು ಗೊರಕೆ ಹೊಡೀತಿದ್ದೆ, ಮಹಾ ಕಲಾವಿದೆ!"

"ಹಾಗನ್ಬೇಡ ಅಣ್ಣಾ. ರಾಗ ಇಲ್ಲದೆ ಹೋದ್ರೆ ನಾನು ಯಾರು, ಹೇಳು."

"ಸಿನ್ನೆಯ ಅಮ್ಮ."

"ಅಷ್ಟೇ ಸಾಲಲ್ವಲ್ಲ. ಸಾಲಲಿ ಅಂತ ದಿನಾ ಬೇಡ್ಕೊತೀನಿ."

ನರ್ಸ್ ಅವಳ ಹೆಸರು ಕರೆದಳು. ವೈದ್ಯರ ಕೋಣೆಯ ಹೊಸ್ತಿಲಲ್ಲಿ ಬೂಟು ಬಿಡಬೇಕು. ಅವಳು ಬಿಟ್ಟ ಬೂಟುಗಳ ಮೂತಿ ಒಳಕ್ಕಿತ್ತು. ಅಣ್ಣ ಮೊಣಕಾಲೂರಿ ಅವನ್ನು ಹೊರಕ್ಕೆ ತಿರುಗಿಸಿದ. ಅವಳು ಅದನ್ನೇ ನೋಡುತ್ತ ನಿಂತಳು. ಆಮೇಲೆ ಪಿಟೀಲಿನ ಪೆಟ್ಟಿಗೆಯನ್ನು ಅವನ ಕೈಗಿಟ್ಟು, ಬರಿಗೈಯಲ್ಲಿ ಒಳಗೆ ಹೋದಳು.